ಲ್ಯಾವೆಂಡರ್: ಎತ್ತರ ಕೇಳಿ ಹೊರಡಿ, ಸಸಿ ತರಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ ಲ್ಯಾವೆಂಡರ್ ಹೊಲಗಳ ಚಿತ್ರ ಪುಟದ ತುಂಬ ಬಂದಿತ್ತು. ಚಿತ್ರ ಸೊಗಸಾಗಿದೆ, ಅಡಿಬರಹ ಮಾತ್ರ ದಾರಿ ತಪ್ಪಿಸುವಂತಿದೆ. ಅಲ್ಲಿನ ವಾಲಾನ್ಸೋಲ್ ಊರಿಗೆ ಆಗಸ್ಟ್‌ನಲ್ಲಿ ಹೋಗಿ ಎಂದು ಅದು ಹೇಳುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ಕಾಣುವುದು ಆಗ ತಾನೆ ಕ್ಷೌರ ಮಾಡಿಸಿಕೊಂಡು ಸಾಲಾಗಿ ಕೂತಂತಿರುವ ಬೂದುಹಸಿರು ಗುಪ್ಪೆಗಳು, ಅಷ್ಟೇ. ಆಗುಂಬೆಯ ಸೂರ್ಯಾಸ್ತ ನೋಡಲು ಜುಲೈನಲ್ಲಿ ಬಂದು, ಮಂಜಿನ ಗೋಡೆ ನೋಡಿ, ಬೋಂಡಾ ತಿಂದು ವಾಪಸಾಗುವವರನ್ನು ಮಲೆನಾಡಿನವರು ವರ್ಷವೂ ನೋಡುತ್ತೇವೆ. ಅವರಿಗೆ ಹೋಗುವುದು ಪೆಟ್ರೋಲ್ ದುಡ್ಡು; ಫ್ರಾನ್ಸಿಗೆ ಹೋದವರಿಗೆ ಹಾಗಲ್ಲವಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಹೂವು ಅರಳುವ ದಿನವನ್ನು ತೀರ್ಮಾನಿಸುವುದು ಹೊಲದ ಎತ್ತರ. ತಗ್ಗಿನಲ್ಲಿ ಮೊದಲು, ಮೇಲೇರಿದಷ್ಟೂ ತಡ. ವಾಲಾನ್ಸೋಲ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 500–600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಜೂನ್ ಮಧ್ಯಕ್ಕೆ ಬಣ್ಣ ಏರತೊಡಗುತ್ತದೆ. ಜೂನ್ ಕೊನೆಯ ವಾರದಿಂದ ಜುಲೈ 10ರ ಆಸುಪಾಸಿನವರೆಗೆ ತುಂಬು ಹೂವು. ಆಮೇಲೆ ಕಟಾವು ಯಂತ್ರ ಇಳಿಯುತ್ತದೆ. ಬೆಳಿಗ್ಗೆ ನೇರಳೆಯಾಗಿದ್ದ ಹೊಲ ಮಧ್ಯಾಹ್ನಕ್ಕೆ ಬೋಳಾಗಿರಬಹುದು. ಬಿಸಿಲು ಜೋರಾದ ವರ್ಷ ಇದೆಲ್ಲ ಒಂದು ವಾರ ಮೊದಲೇ ಆಗಿಬಿಡುತ್ತದೆ. ನಿಮ್ಮ ಚಿತ್ರದಲ್ಲಿ ಹೊಲದ ಪಕ್ಕದಲ್ಲೇ ಸೂರ್ಯಕಾಂತಿ ಹೊಸದಾಗಿ ಅರಳಿ ನಿಂತಿದೆ. ಎರಡೂ ಒಟ್ಟಿಗೆ ಸಿಗುವುದು ಜುಲೈನ ಮೊದಲ ಎರಡು ವಾರಗಳಲ್ಲಿ. ಚಿತ್ರವೇ ತನ್ನ ಅಡಿಬರಹವನ್ನು ಸುಳ್ಳು ಮಾಡುತ್ತಿದೆ.

ಗೋರ್ದ್ ಊರಿನ ಹತ್ತಿರದ ಸೆನಾಂಕ್ ಮಠ ಇನ್ನೊಂದು ಪ್ರಸಿದ್ಧ ಜಾಗ. 1148ರಲ್ಲಿ ಸ್ಥಾಪನೆಯಾದ ಸಿಸ್ಟರ್ಸಿಯನ್ ಪಂಥದ ಮಠ. ಸನ್ಯಾಸಿಗಳು ಈಗಲೂ ಅಲ್ಲಿ ವಾಸವಿದ್ದಾರೆ. ಚಿತ್ರಗಳಲ್ಲಿ ಕಾಣುವಷ್ಟು ದೊಡ್ಡ ಹೊಲ ಅಲ್ಲಿಲ್ಲ, ಮಠದ ಎದುರಿನ ಒಂದು ತುಂಡು ಜಮೀನು ಮಾತ್ರ. ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ಅದಕ್ಕೆ ಕಳೆ. ಜುಲೈ 15 ದಾಟಿ ಹೊರಡುವವರು ಈ ಎರಡೂ ಕಡೆಯ ಆಸೆ ಬಿಟ್ಟು ನೇರ ಸೋ ಊರಿಗೆ ಏರಬೇಕು. ರಸ್ತೆ ಫಲಕದಲ್ಲಿ ಸಾಲ್ಟ್ ಎಂದು ಓದುವ ಹಾಗೆ ಬರೆದಿರುತ್ತಾರೆ, ಉಚ್ಚಾರ ಸೋ. ವಾಂತೂ ಬೆಟ್ಟದ ಮಗ್ಗುಲಲ್ಲಿ 765 ಮೀಟರ್ ಎತ್ತರದಲ್ಲಿರುವ ಈ ಊರಿನ ಸುತ್ತ ಜುಲೈ ಪೂರ್ತಿ ಹೂವಿರುತ್ತದೆ, ಕೆಲವು ಎತ್ತರದ ಹೊಲಗಳಲ್ಲಿ ಆಗಸ್ಟ್‌ನ ಮೊದಲ ವಾರದವರೆಗೂ. ಹೊಲಗಳ ನಡುವೆ ನಡೆದು ನೋಡಲು ಸುಮಾರು 5 ಕಿ.ಮೀ. ಸುತ್ತಿನ ಕಾಲುದಾರಿಯಿದೆ. ಬುಧವಾರ ಸಂತೆ.

ಹಬ್ಬದ ವಿಷಯದಲ್ಲಿ ಎಡವುವವರೇ ಹೆಚ್ಚು. ಲ್ಯಾವೆಂಡರ್ ಹಬ್ಬ ಎಂದರೆ ಹೂವಿನ ಹಬ್ಬ ಎಂದುಕೊಂಡು ಅದೇ ದಿನಕ್ಕೆ ಟಿಕೆಟ್ ಮಾಡಿಸುತ್ತಾರೆ. ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಬಸಿರಾದ ಪೈರು ಗದ್ದೆಯಲ್ಲಿ ನಿಂತಿರುತ್ತದೆ, ಸುಗ್ಗಿಗೆ ಗದ್ದೆ ಖಾಲಿ. ಅಲ್ಲಿನ ಬಹುಪಾಲು ಹಬ್ಬಗಳು ಸುಗ್ಗಿಯ ಜಾತಿಗೆ ಸೇರಿದವು. ಸೋ ಊರಿನ ದೊಡ್ಡ ಹಬ್ಬ ಆಗಸ್ಟ್ 15ರಂದು. ಕುಡುಗೋಲಿನಿಂದ ಲ್ಯಾವೆಂಡರ್ ಕೊಯ್ಯುವ ಸ್ಪರ್ಧೆ ಅಲ್ಲಿ ನೋಡಲೇಬೇಕಾದದ್ದು. ಯಂತ್ರ ಬರುವ ಮೊದಲು ಹೀಗೇ ಕೊಯ್ಯುತ್ತಿದ್ದರು, ಎಡಗೈಯಲ್ಲಿ ಹಿಡಿ ಹಿಡಿದು ಬಲಗೈಯಲ್ಲಿ ಎಳೆದು, ಹೆಗಲಿಗೆ ಕಟ್ಟಿದ ಬಟ್ಟೆಯ ಚೀಲಕ್ಕೆ ತುಂಬಿಕೊಂಡು. ಆದರೆ ಆ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಹೆಚ್ಚಿನವು ಕಟಾವಾಗಿರುತ್ತವೆ. ದೀನ್ ಲೆ ಬ್ಯಾಂ ಪಟ್ಟಣದಲ್ಲಿ ಆಗಸ್ಟ್ ಆರಂಭದಲ್ಲಿ ನಡೆಯುವುದು ಅಲಂಕೃತ ರಥಗಳ ಮೆರವಣಿಗೆ. ಅದು ಪೇಟೆಯ ಉತ್ಸವ, ಹೊಲಕ್ಕೂ ಅದಕ್ಕೂ ದೂರ. ವಾಲಾನ್ಸೋಲ್‌ನ ಹಬ್ಬ ಸಾಮಾನ್ಯವಾಗಿ ಜುಲೈನ ಮೂರನೇ ಭಾನುವಾರ, ಅಂದರೆ ಕೊಯ್ಲಿನ ನಡುವೆ. ಹಬ್ಬವೂ ಹೂವೂ ಒಟ್ಟಿಗೆ ಬೇಕೆಂಬವರಿಗೆ ಫೆರಾಸಿಯೇರ್ ಎಂಬ ಪುಟ್ಟ ಊರು ಸರಿ. ಸೋ ಊರಿನಿಂದ ಇನ್ನೂ ಮೇಲಕ್ಕೆ, ಸಾಮಾನ್ಯವಾಗಿ ಜುಲೈನ ಮೊದಲ ಭಾನುವಾರ. ಹಬ್ಬದ ದಿನಗಳು ವರ್ಷ ವರ್ಷ ಅತ್ತಿತ್ತ ಆಗುವುದುಂಟು; ಆಯಾ ಊರಿನ ಪ್ರವಾಸಿ ಕಚೇರಿಯ ಪಟ್ಟಿ ನೋಡಿಯೇ ವಿಮಾನದ ಟಿಕೆಟ್ ಮಾಡಿಸಬೇಕು.

ಇನ್ನು, ನೋಡಿ ಬಂದವರಲ್ಲಿ ಹೆಚ್ಚಿನವರು ನೋಡಿರುವುದು ಲ್ಯಾವೆಂಡರ್ ಅಲ್ಲವೇ ಅಲ್ಲ. ವಾಲಾನ್ಸೋಲ್‌ನಲ್ಲಿ ಕಣ್ಣು ಹಾಯುವಷ್ಟು ದೂರ ಇರುವುದು ಲ್ಯಾವಂಡಿನ್. ಅಸಲಿ ಲ್ಯಾವೆಂಡರ್ ಮತ್ತು ತಗ್ಗಿನಲ್ಲಿ ಬೆಳೆಯುವ ಅಸ್ಪಿಕ್ ಎಂಬ ಅಗಲ ಎಲೆಯ ಜಾತಿ ಬೆರೆತು ಹುಟ್ಟಿದ ಮಿಶ್ರತಳಿ ಅದು. ಹೇಸರಗತ್ತೆಯ ಹಾಗೆ ಗಟ್ಟಿ, ಆದರೆ ಬಂಜೆ. ಬೀಜ ಕಟ್ಟುವುದಿಲ್ಲ, ರೆಂಬೆ ತುಂಡಿನಿಂದಲೇ ಸಸಿ ಮಾಡಬೇಕು. ಎಲ್ಲ ಗಿಡಗಳೂ ಒಂದೇ ತಾಯಿಯ ತುಂಡುಗಳಾದ್ದರಿಂದ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಎತ್ತರ, ಒಂದೇ ಬಣ್ಣ. ಫೋಟೊಗೆ ಚೆಂದ ಕಾಣುವುದು ಈ ಕಾರಣಕ್ಕೇ. ಗ್ರೋಸೊ ಎಂಬ ತಳಿಯದೇ ಅಲ್ಲಿ ರಾಜ್ಯಭಾರ. ಗುರುತು ಹಿಡಿಯುವುದು ಸುಲಭ: ಲ್ಯಾವಂಡಿನ್‌ನ ಒಂದು ದಂಟಿನಲ್ಲಿ ನಡುವಿನ ತೆನೆಯ ಕೆಳಗೆ ಎರಡು ಪಕ್ಕತೆನೆಗಳು ಕವಲೊಡೆದಿರುತ್ತವೆ, ಅಸಲಿಯದು ಒಂಟಿ ತೆನೆ, ಗಿಡ ಗಿಡ್ಡ. ಬೀಜದಿಂದ ಬೆಳೆಸಿದ ಅಸಲಿ ಹೊಲದಲ್ಲಿ ಒಂದು ಗಿಡ ತಿಳಿನೀಲಿ, ಪಕ್ಕದ್ದು ಕಡುನೇರಳೆ. ನೋಡಲು ಸ್ವಲ್ಪ ಅಸ್ತವ್ಯಸ್ತ, ಮೂಗಿಗೆ ಅದೇ ಮೇಲು.

ಲೆಕ್ಕ ನೋಡಿದರೆ ರೈತರು ಲ್ಯಾವಂಡಿನ್‌ಗೆ ಹೋದದ್ದು ಏಕೆಂದು ತಿಳಿಯುತ್ತದೆ. ಒಂದು ಕಿಲೋ ಎಣ್ಣೆಗೆ ಅಸಲಿ ಹೂವು ನೂರು ಕಿಲೋಗಿಂತ ಹೆಚ್ಚು ಬೇಕು. ಲ್ಯಾವಂಡಿನ್ ಆದರೆ 40–50 ಕಿಲೋ ಸಾಕು. ಆದರೆ ಲ್ಯಾವಂಡಿನ್ ಎಣ್ಣೆಯಲ್ಲಿ ಕರ್ಪೂರದ ಅಂಶ ಜಾಸ್ತಿ, ವಾಸನೆ ಚುರುಕು. ಸಾಬೂನು, ಬಟ್ಟೆ ತೊಳೆಯುವ ಪುಡಿ, ನೆಲ ಒರೆಸುವ ದ್ರಾವಣಕ್ಕೆ ಹೋಗುವುದು ಅದು. ಅಸಲಿ ಎಣ್ಣೆ ಸುಗಂಧದ್ರವ್ಯಕ್ಕೆ. ಹೋತ್ ಪ್ರೊವಾನ್ಸ್ ಲ್ಯಾವೆಂಡರ್ ಎಣ್ಣೆಗೆ 1981ರಿಂದಲೇ ಮೂಲಸ್ಥಾನದ ಹೆಸರಿನ ರಕ್ಷಣೆ ಇದೆ. 800 ಮೀಟರ್‌ಗಿಂತ ಮೇಲೆ, ಗೊತ್ತುಪಡಿಸಿದ ನಾಲ್ಕು ಜಿಲ್ಲೆಗಳ ಊರುಗಳಲ್ಲಿ ಬೆಳೆದ, ಬೀಜದಿಂದಾದ ಗಿಡಗಳ ಎಣ್ಣೆಗೆ ಮಾತ್ರ ಆ ಮುದ್ರೆ. ನಮ್ಮ ಅಪ್ಪೆಮಿಡಿಗೆ ಸಿಕ್ಕಿರುವ ಜಿಐ ಮಾನ್ಯತೆಯಂಥದೇ ವ್ಯವಸ್ಥೆ. ಹೀಗಾಗಿ ಅಂಗಡಿಯಲ್ಲಿ ಎಣ್ಣೆ ಕೊಳ್ಳುವಾಗ ಮುಂದಿನ ಚೆಂದದ ಚೀಟಿ ನೋಡಬೇಡಿ, ಶೀಶೆ ತಿರುಗಿಸಿ ಸಸ್ಯದ ಹೆಸರು ಓದಿ. ಲವಾಂಡುಲಾ ಅಂಗುಸ್ಟಿಫೋಲಿಯಾ ಎಂದಿದ್ದರೆ ಅಸಲಿ, ಜೊತೆಗೆ ಮೂಲಸ್ಥಾನದ ಆ ಎಒಪಿ ಮುದ್ರೆ ಇದ್ದರೆ ಇನ್ನೂ ಖಾತ್ರಿ. ಇಂಟರ್ಮೀಡಿಯಾ ಅಥವಾ ಹೈಬ್ರಿಡಾ ಎಂದಿದ್ದರೆ ಲ್ಯಾವಂಡಿನ್. ಸಸ್ಯದ ಹೆಸರೇ ಇಲ್ಲದಿದ್ದರೆ ಕೆಳಗಿಡಿ. ಲ್ಯಾವಂಡಿನ್ ಕೆಟ್ಟದ್ದೇನಲ್ಲ, ಬೀರುವಿನ ಬಟ್ಟೆಗೆ ಅದೇ ಚೆನ್ನ. ಬೆಲೆ ಮಾತ್ರ ಅಸಲಿಯದ್ದಾಗಬಾರದು.

ಹೊಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎಣ್ಣೆ ಬಟ್ಟಿ ಇಳಿಸುವ ಮನೆಗಳಲ್ಲಿ. ಜುಲೈ ಮಧ್ಯದ ಮೇಲೆ ಅವು ಹಗಲೂ ರಾತ್ರಿ ನಡೆಯುತ್ತವೆ. ಹಲವರು ನೋಡುಗರನ್ನು ಒಳಗೆ ಬಿಡುತ್ತಾರೆ. 1944ರಲ್ಲಿ ಶುರುವಾದ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯ ಊರು ಶಿವಮೊಗ್ಗ. ಇಲ್ಲಿನವರಿಗೆ ಈ ಕೆಲಸ ಪೂರ್ತಿ ಹೊಸದಲ್ಲ. ತತ್ವ ಒಂದೇ, ಹೊತ್ತು ಬೇರೆ. ಗಂಧದ ಎಣ್ಣೆ ಚೇಗಿನ ಒಳಗೆ ಅಡಗಿರುತ್ತದೆ, ಪುಡಿ ಮಾಡಿ ದಿನಗಟ್ಟಲೆ ಹಬೆ ಕೊಡಬೇಕು. ಲ್ಯಾವೆಂಡರ್ ಎಣ್ಣೆ ಇರುವುದು ಹೂವಿನ ಪುಷ್ಪಪಾತ್ರೆಯ ಹೊರಮೈಯ ಸಣ್ಣ ಗುಳ್ಳೆಗಳಲ್ಲಿ. ಅರ್ಧ ಗಂಟೆಯಲ್ಲಿ ಬಹುಪಾಲು ಬಂದುಬಿಡುತ್ತದೆ. ಕೊಯ್ದ ದಂಟನ್ನು ಎರಡು ಮೂರು ದಿನ ಹೊಲದಲ್ಲೇ ಬಾಡಿಸಿ, ದೊಡ್ಡ ಹಂಡೆಗೆ ತುಂಬಿ ತುಳಿದು, ಮುಚ್ಚಳ ಬಿಗಿದು, ತಳದಿಂದ ಹಬೆ ಬಿಡುವುದು ಹಳೆಯ ಕ್ರಮ. ಹಬೆ ಎಣ್ಣೆಯನ್ನು ಹೊತ್ತು ಮೇಲಿನ ಕೊಳವೆಯಿಂದ ತಣ್ಣೀರಿನಲ್ಲಿ ಮುಳುಗಿದ ಸುರುಳಿಗೆ ಹೋಗಿ ನೀರಾಗುತ್ತದೆ. ಕೆಳಗಿನ ಪಾತ್ರೆಯಲ್ಲಿ ಎಣ್ಣೆ ಮೇಲೆ ತೇಲುತ್ತದೆ, ಅಡಿಯಲ್ಲಿ ಉಳಿಯುವುದು ಹೂನೀರು. ಈಗ ದೊಡ್ಡ ಹಿಡುವಳಿಗಳಲ್ಲಿ ಯಂತ್ರ ಹಸಿ ದಂಟನ್ನೇ ಕತ್ತರಿಸಿ ಉಕ್ಕಿನ ಟ್ರೇಲರ್‌ಗೆ ತುಂಬುತ್ತದೆ. ಆ ಟ್ರೇಲರ್‌ಗೇ ಮುಚ್ಚಳ ಹಾಕಿ ಹಬೆ ಕೊಡುತ್ತಾರೆ. ಎಣ್ಣೆ ತೆಗೆದ ಹುಲ್ಲು ಬಾಯ್ಲರ್‌ಗೆ ಉರುವಲು, ಇಲ್ಲವೇ ಗೊಬ್ಬರ.

ಕೆಡುವುದು ಎಲ್ಲೆಲ್ಲಿ ಎಂದು ಅಲ್ಲಿನವರನ್ನು ಕೇಳಿದರೆ ಮನಸಾರೆ ಹೇಳುತ್ತಾರೆ. ಹಂಡೆಯಲ್ಲಿ ದಂಟು ಸಮನಾಗಿ ಕೂರದಿದ್ದರೆ ಹಬೆ ಸಡಿಲಾದ ಕಡೆ ದಾರಿ ಮಾಡಿಕೊಂಡು ಹೋಗಿಬಿಡುತ್ತದೆ, ಉಳಿದ ಹೂವು ಹಾಗೇ ಇರುತ್ತದೆ. ಅರಳುವ ಮೊದಲೇ ಕೊಯ್ದರೆ ಎಣ್ಣೆ ಕಡಿಮೆ. ಅರ್ಧಕ್ಕಿಂತ ಹೆಚ್ಚು ಹೂವು ಬಾಡಿದ ಮೇಲೆ, ಒಣ ಬಿಸಿಲಿನಲ್ಲಿ ಕೊಯ್ಯಬೇಕು. ನೇರಳೆ ತುಂಬಿ ತುಳುಕುವ ದಿನ ಪ್ರವಾಸಿಗೆ ಒಳ್ಳೆಯದು, ರೈತನಿಗೆ ಇನ್ನೂ ಕಾಯುವ ದಿನ. ಮಳೆ ಬಿದ್ದ ಮರುದಿನ ಕೊಯ್ದರೂ ಇಳುವರಿ ಇಳಿಯುತ್ತದೆ. ಹಬೆ ಹೆಚ್ಚು ಹೊತ್ತು ಕೊಟ್ಟರೆ ಸುವಾಸನೆ ಕೊಡುವ ಎಸ್ಟರ್ ಎಂಬ ಅಂಶಗಳು ಒಡೆದು ಎಣ್ಣೆ ಒರಟಾಗುತ್ತದೆ. ಕೊಯ್ಲಿನ ಕಾಲದಲ್ಲಿ ಹೋಗಲಾಗದಿದ್ದರೆ ಕೂಸ್ತೆಲೆ ಎಂಬಲ್ಲಿ ಲ್ಯಾವೆಂಡರ್ ವಸ್ತುಸಂಗ್ರಹಾಲಯವಿದೆ, ಹಳೆಯ ತಾಮ್ರದ ಬಟ್ಟಿ ಪಾತ್ರೆಗಳೆಲ್ಲ ಅಲ್ಲಿವೆ.

ಹೋಗುವ ಬಗೆ. ಬೆಂಗಳೂರಿನಿಂದ ಪ್ಯಾರಿಸ್, ಅಲ್ಲಿಂದ ವೇಗದ ರೈಲಿನಲ್ಲಿ ಆವಿನ್ಯೋಂ ಅಥವಾ ಎಕ್ಸ್ ಆನ್ ಪ್ರೊವಾನ್ಸ್ ಪಟ್ಟಣ. ಪ್ಯಾರಿಸ್ ನಗರದಿಂದ ಎರಡೂವರೆ–ಮೂರು ಗಂಟೆ. ಸೋ, ಸೆನಾಂಕ್ ಕಡೆಗೆ ಆವಿನ್ಯೋಂ ಹತ್ತಿರ, ವಾಲಾನ್ಸೋಲ್‌ಗೆ ಎಕ್ಸ್ ಅಥವಾ ಮಾರ್ಸೇ. ಅಲ್ಲಿಂದ ಮುಂದೆ ಕಾರೇ ಬೇಕು. ಹಳ್ಳಿಗಳಿಗೆ ಬಸ್ಸು ಅಪರೂಪ, ಸಂಜೆ ಬಿಸಿಲು ಇಳಿಯುವ ಹೊತ್ತಿಗಂತೂ ಇಲ್ಲವೆಂದೇ ಹೇಳಬೇಕು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯಿಂದಲೇ ಪಡೆಯಬಹುದು. ಒಂದು ವರ್ಷ ನಡೆಯುತ್ತದೆ, ಮೂಲ ಲೈಸೆನ್ಸ್ ಜೊತೆಗಿರಲೇಬೇಕು. ಕಾರು ಕೊಡುವವರು ಸಾಮಾನ್ಯವಾಗಿ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡ್ ನಂಬಿ ಹೋದವರು ಕೌಂಟರ್‌ನಲ್ಲಿ ಸಿಕ್ಕಿಬೀಳುತ್ತಾರೆ. ಬಲಗಡೆ ಓಡಿಸಬೇಕು. ನಡುವೆ ವಿಭಜಕವಿಲ್ಲದ ಹಳ್ಳಿ ರಸ್ತೆಯಲ್ಲಿ ಸಾಮಾನ್ಯ ಮಿತಿ 80 ಕಿ.ಮೀ., ಊರೊಳಗೆ 50. ಪೆಟ್ರೋಲ್ ಬಂಕಿನಲ್ಲಿ ಗಜೋಲ್ ಎಂದರೆ ಡೀಸೆಲ್. ಹೆಸರು ಕೇಳಿ ಗ್ಯಾಸೊಲಿನ್ ಅಂದುಕೊಂಡು ಪೆಟ್ರೋಲ್ ಕಾರಿಗೆ ಅದನ್ನೇ ತುಂಬಿಸಿದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವಂಥದ್ದು. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು, ಕೊನೆಯ ಗಡುವು ಹೊರಡುವುದಕ್ಕೆ 15 ದಿನ ಮೊದಲು. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಅಲ್ಲಿ ದಿನ ಸಿಗುವುದೇ ಕಷ್ಟ. ಜುಲೈ ಮೊದಲ ವಾರಕ್ಕೆ ಹೊರಡುವವರು ಮಾರ್ಚ್‌ನಲ್ಲೇ ಕಾಗದಪತ್ರ ಮುಗಿಸಿಕೊಳ್ಳುವುದು ಕ್ಷೇಮ.

ಹೊಲದಲ್ಲಿ ಬೆಳಿಗ್ಗೆ 6ರಿಂದ 8, ಸಂಜೆ 8ರಿಂದ ಸುಮಾರು 9.15ರವರೆಗೆ ಬಣ್ಣ ನಿಜವಾಗಿ ಕಾಣುತ್ತದೆ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಆಗ. ನಡುಹಗಲು ಬಿಸಿಲು 35 ಡಿಗ್ರಿ ದಾಟಬಹುದು, ನೇರಳೆ ಬಿಳಿಚಿಕೊಂಡು ಬೂದಿಯಾಗುತ್ತದೆ. ಜೇನುನೊಣ ಸಾವಿರಗಟ್ಟಲೆ ಇರುತ್ತವೆ. ಕೆಣಕದಿದ್ದರೆ ಅವು ತಮ್ಮ ಪಾಡಿಗೆ ಇರುತ್ತವೆ, ಆದರೂ ಜೇನು ಕಡಿತದ ಅಲರ್ಜಿ ಇರುವವರು ಔಷಧ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಸಾಲುಗಳ ನಡುವೆ ಸುಮಾರು ಒಂದೂವರೆ ಮೀಟರ್ ಜಾಗ ಕಂಡರೂ ಹೂವು ತುಂಬಿದಾಗ ದಂಟುಗಳು ಅರ್ಧ ದಾರಿಗೆ ಬಾಗಿರುತ್ತವೆ. ಅಗಲ ಲಂಗ ಹರಡಿಕೊಂಡು ಫೋಟೊಗೆ ಒಳಗೆ ಹೋದವರು ಮುರಿದದ್ದೆಲ್ಲ ಒಬ್ಬ ರೈತನ ಎಣ್ಣೆ. ನಮ್ಮ ಅಡಿಕೆ ಚಪ್ಪರದ ಮೇಲೆ ಯಾರಾದರೂ ಚಪ್ಪಲಿ ಹಾಕಿಕೊಂಡು ನಡೆದರೆ ಏನನ್ನಿಸುತ್ತದೆ? ಬೇಸಿಗೆಯಲ್ಲಿ ಮಿಸ್ತ್ರಾಲ್ ಗಾಳಿ ಎದ್ದ ದಿನ ಕಾಡ್ಗಿಚ್ಚಿನ ಭಯದಿಂದ ಕಾಡಿನ ದಾರಿಗಳನ್ನೇ ಮುಚ್ಚುತ್ತಾರೆ. ಬೀಡಿ ಸಿಗರೇಟಿನ ಮಾತೇ ಬೇಡ. ಶಾಕಾಹಾರಿಗಳಿಗೆ ಒಂದು ಮಾತು: ರಾಟಟೂಯ್ ನಿಶ್ಚಿಂತೆ, ಆದರೆ ಆಲಿವ್ ಚಟ್ನಿಯಂತೆ ಕಾಣುವ ತಪನಾಡ್‌ನಲ್ಲಿ ಸಾಮಾನ್ಯವಾಗಿ ಮೀನು ಅರೆದಿರುತ್ತಾರೆ.

ಹಳೆಯ ಚಿತ್ರ ನೋಡಿ ಅದೇ ಹೊಲ ಹುಡುಕಿಕೊಂಡು ಹೋಗಬೇಡಿ. ಗಿಡದ ಆಯುಸ್ಸೇ ಸುಮಾರು ಹತ್ತು ವರ್ಷ, ಆಮೇಲೆ ಕಿತ್ತು ಗೋಧಿ ಹಾಕುತ್ತಾರೆ. ರೋಗ ಬಂದ ಕಡೆ ಅದರ ಅರ್ಧಕ್ಕೇ ಒಣಗುತ್ತದೆ. ರೋಗದ ಮೂಲ ಸ್ಟೋಲ್ಬರ್ ಎಂಬ ಫೈಟೋಪ್ಲಾಸ್ಮಾ, ಅಂದರೆ ಬ್ಯಾಕ್ಟೀರಿಯಾ ಬಳಗದ ಸೂಕ್ಷ್ಮಜೀವಿ. ರಸ ಹೀರುವ ಸಣ್ಣ ಜಿಗಿಹುಳ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಶೃಂಗೇರಿ, ಕೊಪ್ಪದ ಅಡಿಕೆ ಬೆಳೆಗಾರರಿಗೆ ಈ ಕಥೆ ಕೇಳಿದಂತಿರಬಹುದು: ನಮ್ಮ ಹಳದಿ ಎಲೆ ರೋಗದ ಹಿಂದೆಯೂ ಫೈಟೋಪ್ಲಾಸ್ಮಾ, ಅದನ್ನು ಹರಡುವುದೂ ಒಂದು ಜಿಗಿಹುಳ. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಲ್ಯಾವಂಡಿನ್ ಎಣ್ಣೆ ಬೇಡಿಕೆಗಿಂತ ಹೆಚ್ಚಾಗಿ ಬೆಲೆ ಕುಸಿದು, ಹಲವರು ಗಿಡ ಕಿತ್ತಿದ್ದಾರೆ.

ಇಷ್ಟು ಗೊತ್ತಿದ್ದೂ, ಎಲೆಚುಕ್ಕಿ ರೋಗದಿಂದ ಕಂಗೆಟ್ಟ ಅಡಿಕೆ ತೋಟಗಳ ನಡುವೆ ಈಗ ಲ್ಯಾವೆಂಡರ್ ಹಾಕಿ ಎನ್ನುವ ವಿಡಿಯೊಗಳು ಓಡಾಡುತ್ತಿವೆ. ಶಿವಮೊಗ್ಗದ ಎತ್ತರವೂ ವಾಲಾನ್ಸೋಲ್‌ನ ಎತ್ತರವೂ ಹತ್ತಿರ ಹತ್ತಿರ ಒಂದೇ ಎಂಬುದು ಅವರ ವಾದ. ಎತ್ತರ ಒಂದೇ, ನಿಜ. ಅಲ್ಲಿನ ಅಕ್ಷಾಂಶ 44 ಡಿಗ್ರಿ, ಇಲ್ಲಿನದು 14. ಎತ್ತರದ ಮಾತು ಆ ಬೆಟ್ಟಗಳ ಒಳಗೆ ಮಾತ್ರ ನಡೆಯುವ ಲೆಕ್ಕ. ಅಸಲಿ ಲ್ಯಾವೆಂಡರ್ ಚೆನ್ನಾಗಿ ಹೂ ಬಿಡಲು ಚಳಿಗಾಲದ ಕೊರೆತ ಬೇಕು, ಬೇಸಿಗೆ ಒಣಗಿರಬೇಕು, ಮಣ್ಣು ಸುಣ್ಣಗಲ್ಲಿನದಾಗಿರಬೇಕು. ನಮ್ಮದು ಹುಳಿ ಮಣ್ಣು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೂ ಲ್ಯಾವೆಂಡರ್ ಒಣಗಿ ನಿಲ್ಲಬೇಕಾದ ತಿಂಗಳುಗಳಲ್ಲೇ. ನೀರು ನಿಂತ ಬುಡಕ್ಕೆ ಫೈಟೋಫ್ತೊರಾ ಹತ್ತಿ ಬೇರು ಕೊಳೆಯುತ್ತದೆ, ಅಂದರೆ ಅಡಿಕೆಗೆ ಕೊಳೆರೋಗ ತರುವ ಅದೇ ಕುಲದ ರೋಗಾಣು. ಬಸಿಗಾಲುವೆ ಎಷ್ಟು ಆಳ ತೋಡಿದರೂ ಗಾಳಿಯ ತೇವವನ್ನು ಬಸಿಯಲಾಗದು. ಫ್ರಾನ್ಸಿನಿಂದ ಬಂದು ನಮ್ಮ ತೋಟದಲ್ಲಿ ನೆಲೆನಿಂತದ್ದು ಬೋರ್ಡೋ ದ್ರಾವಣ ಒಂದೇ, ಅದು ಬಂದದ್ದೂ ನಮ್ಮ ಕೊಳೆಗೆ ಮದ್ದಾಗಿ.

ಗ್ರೋಸೊ ಬೀಜ ಎಂದು ಆನ್‌ಲೈನ್‌ನಲ್ಲಿ ಮಾರುವುದು ಶುದ್ಧ ಮೋಸ; ಬಂಜೆ ಗಿಡಕ್ಕೆ ಬೀಜ ಎಲ್ಲಿಂದ ಬಂತು? ಅಲ್ಲಿಂದ ಸಸಿಯನ್ನೋ ರೆಂಬೆಯನ್ನೋ ಸೂಟ್‌ಕೇಸಿನಲ್ಲಿ ತರುವುದೂ ತಪ್ಪು. 2003ರ ಸಸ್ಯ ಕ್ವಾರಂಟೀನ್ ಆದೇಶದ ಪ್ರಕಾರ ಆಮದು ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಎರಡೂ ಬೇಕು, ಫೈಟೋಪ್ಲಾಸ್ಮಾದ ಮಾತು ಓದಿದ ಮೇಲೆ ಕಾರಣ ಹೇಳಬೇಕಿಲ್ಲ. ಮನೆಯಲ್ಲಿ ಒಂದು ಕುಂಡ ಇರಲಿ ಎನ್ನುವವರು ನರ್ಸರಿಯಲ್ಲಿ ಹಲ್ಲಿನ ಅಂಚಿನ ಎಲೆಯ ಡೆಂಟಾಟಾ ಜಾತಿ ಕೇಳಿ. ಅದಕ್ಕೆ ಚಳಿಯ ಹಟ ಇಲ್ಲ. ಮಣ್ಣಿನ ಕುಂಡ, ಒಂದು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಕುಂಡಕ್ಕೆ ಒಂದು ಚಮಚ ಸುಣ್ಣ. ಗೊಬ್ಬರ ಹಾಕಿದರೆ ಎಲೆ ಬಂದೀತು, ಹೂವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನಡಿ ಇಟ್ಟು, ಬೆರಳು ಮುಟ್ಟಿ ಮಣ್ಣು ಒಣಗಿದ್ದರೆ ಮಾತ್ರ ನೀರು. ಕತ್ತರಿಸುವಾಗ ಎಲೆ ಇರುವ ಹಸಿ ಭಾಗದಲ್ಲೇ ನಿಲ್ಲಿಸಬೇಕು. ಕಟ್ಟಿಗೆಯಾದ ಕಾಂಡಕ್ಕೆ ಕತ್ತರಿ ಇಳಿದರೆ ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ.

ಹೆಸರಿನ ಗೊಂದಲವೊಂದು ಉಳಿದಿದೆ. ಲಾವಂಚ ಬೆಳೆದರೆ ಲ್ಯಾವೆಂಡರ್ ಬೆಳೆದಂತೆಯೇ ಎಂದುಕೊಂಡವರಿದ್ದಾರೆ. ಲಾವಂಚ ಹುಲ್ಲು, ಅದರ ವಾಸನೆ ಬೇರಿನಲ್ಲಿ. ಲ್ಯಾವೆಂಡರ್ ನಮ್ಮ ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆಯ ಬಳಗ. ಸುಗಂಧದ ಬೆಳೆಯೇ ಬೇಕೆಂದರೆ ಲಾವಂಚ, ಮಜ್ಜಿಗೆ ಹುಲ್ಲು, ಪಚ್ಚೆತೆನೆ ಈ ಮಳೆಯನ್ನು ತಡೆಯಬಲ್ಲವು, ಅದೂ ಕೊಳ್ಳುವವನನ್ನು ಮೊದಲು ಗೊತ್ತುಮಾಡಿಕೊಂಡ ಮೇಲೆ.

ಫ್ರಾನ್ಸಿನ ಖರ್ಚು ಕೈಗೆಟುಕದವರಿಗೆ ಜಮ್ಮುವಿನ ದೋಡಾ ಜಿಲ್ಲೆಯ ಭದೇರ್ವಾ ಇದೆ. ಸಿಎಸ್‌ಐಆರ್‌ನ ಅರೋಮಾ ಮಿಷನ್ ಎಂಬ ಸುಗಂಧ ಬೆಳೆಗಳ ಯೋಜನೆಯ ಅಡಿ ಅಲ್ಲಿನ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್‌ಗೆ ಬಂದವರು. 2022ರ ಮೇ ತಿಂಗಳಲ್ಲಿ ಮೊದಲ ಲ್ಯಾವೆಂಡರ್ ಉತ್ಸವವೂ ನಡೆಯಿತು. ವೀಸಾ ಬೇಡ, ಬಲಗಡೆ ಓಡಿಸುವುದೂ ಬೇಡ. ಲ್ಯಾವೆಂಡರ್ ಕುಲದ ಗಿಡ ತಾನಾಗಿಯೇ ಬೆಳೆದದ್ದನ್ನು ನೋಡಬೇಕೆಂದರೆ ಅಷ್ಟು ದೂರವೂ ಬೇಡ. ಲವಾಂಡುಲಾ ಬೈಪಿನ್ನಾಟಾ ಎಂಬ ಕಾಡುಜಾತಿ ದಖ್ಖನ್ ಭಾಗದ ಒಣ ಗುಡ್ಡಗಳಲ್ಲಿ ಮಳೆಗಾಲ ಮುಗಿಯುವಾಗ ಹೂ ಬಿಡುತ್ತದೆ.

ಮುಂದಿನ ಸಲ ಇಂಥ ಚಿತ್ರ ಹಾಕುವಾಗ ಅಡಿಯಲ್ಲಿ ಊರಿನ ಹೆಸರಿನ ಜೊತೆಗೆ ಚಿತ್ರ ತೆಗೆದ ದಿನಾಂಕ, ಹೊಲದ ಎತ್ತರ, ಅಸಲಿಯೋ ಲ್ಯಾವಂಡಿನ್ನೋ ಎಂಬ ಮೂರು ಮಾತು ಸೇರಿಸಿದರೆ ಉಪಕಾರ. ಈ ಸಲದ್ದು ಲ್ಯಾವಂಡಿನ್. ದೊಡ್ಡದು ಮಾಡಿ ನೋಡಿ, ಪಕ್ಕತೆನೆಗಳು ಕಾಣುತ್ತವೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಓದುಗರು